ಡಬ್ಬಿ ಒಯ್ದು ದಿನಸಿ ತರುವ ಅಂಗಡಿ: ಕೊಪ್ಪಳದಲ್ಲಿ ಆರು ತಿಂಗಳ ಅನುಭವ

ಕೊಪ್ಪಳದ ಪೇಟೆಯ ಓಣಿಯೊಂದರಲ್ಲಿರುವ ಹಳೆಯ ಕಿರಾಣಿ ಅಂಗಡಿಯಿಂದ ನಾವು ಆರು ತಿಂಗಳಿನಿಂದ ಮನೆಯ ದಿನಸಿ ತರುತ್ತಿದ್ದೇವೆ. ಬೇಳೆ, ಕಾಳು, ಜೋಳ, ಸಜ್ಜೆ, ರವೆ, ಅವಲಕ್ಕಿ, ಬೆಲ್ಲ, ಒಣಮೆಣಸಿನಕಾಯಿ ಎಲ್ಲವೂ ಅಲ್ಲಿ ಗೋಣಿಚೀಲ ಮತ್ತು ತಗಡಿನ ಡಬ್ಬಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ನಾವು ಒಯ್ದ ಡಬ್ಬಿಗೋ ಬಟ್ಟೆಯ ಚೀಲಕ್ಕೋ ತೂಗಿ ಹಾಕಿಕೊಡುತ್ತಾರೆ. ಪ್ಲಾಸ್ಟಿಕ್ ಕಡಿಮೆ ಮಾಡಬೇಕೆಂದೇ ನಾನು ಅಲ್ಲಿಗೆ ಹೋಗತೊಡಗಿದ್ದು. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಕಂಡದ್ದು ಮನೆಯಲ್ಲಿ ಕೆಟ್ಟುಹೋಗುತ್ತಿದ್ದ ಕಾಳುಕಡಿಗಳ ವಿಷಯದಲ್ಲಿ.

ಪೊಟ್ಟಣದ ದಿನಸಿಯಲ್ಲಿ ಎಷ್ಟು ಕೊಳ್ಳಬೇಕೆಂಬುದನ್ನು ನಾವಲ್ಲ, ಪೊಟ್ಟಣವೇ ನಿರ್ಧರಿಸುತ್ತದೆ. ಮೂರು ಜನರ ನಮ್ಮ ಮನೆಯಲ್ಲಿ ಮಡಕಿ ಕಾಳಿನ ಪಲ್ಯ ತಿಂಗಳಿಗೊಮ್ಮೆ ಆದರೆ ಹೆಚ್ಚು. ಆದರೂ ಅರ್ಧ ಕಿಲೋ ಪೊಟ್ಟಣ ತಂದು, ಕಾಲುಭಾಗ ಬಳಸಿ, ಉಳಿದದ್ದಕ್ಕೆ ಮಳೆಗಾಲದಲ್ಲಿ ಹುಳು ಬಿದ್ದ ಮೇಲೆ ಚೆಲ್ಲುತ್ತಿದ್ದೆವು. ಈ ಅಂಗಡಿಯಲ್ಲಿ ನೂರೈವತ್ತು ಗ್ರಾಂ ಕೇಳಿದರೂ ಮುಖ ಸಿಂಡರಿಸದೆ ಕೊಡುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯು ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ವ್ಯರ್ಥವಾಗುತ್ತದೆಂದು ಅಂದಾಜಿಸಿದೆ. ತಿನ್ನಲಾಗದ ಸಿಪ್ಪೆ, ಬೀಜಗಳೂ ಆ ಲೆಕ್ಕದಲ್ಲಿ ಸೇರಿವೆ. ಆದರೆ ಹುಳು ಬಿದ್ದ ಮಡಕಿ ಕಾಳು ಸಿಪ್ಪೆಯಲ್ಲ. ಅದು ಯಾರದೋ ಹೊಲದ ಬೆಳೆ ಎಂಬ ಸಂಕಟ ಚೆಲ್ಲುವಾಗಲೆಲ್ಲ ನನ್ನನ್ನು ಕಾಡುತ್ತಿತ್ತು.

ಜೋಳದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜೋಳದ ಹಿಟ್ಟು ಹಳೆಯದಾದಷ್ಟೂ ಜಿಗಿ ಕಳೆದುಕೊಳ್ಳುತ್ತದೆ, ಕಹಿಯಾಗುತ್ತದೆ. ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ಹೀಗಾಗಿ ಈಗ ಹಿಟ್ಟಿನ ಪೊಟ್ಟಣ ಬಿಟ್ಟು ಕಾಳನ್ನೇ ಕೊಂಡು, ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಗಿರಣಿಯಲ್ಲಿ ಬೀಸಿಸುತ್ತೇವೆ. ಹಿಟ್ಟು ಮಿಗುವಂತೆ ಕಂಡರೆ ತೆಳುವಾಗಿ ಬಡಿದು ಕಡಕ್ ರೊಟ್ಟಿ ಮಾಡಿ ಇಡುತ್ತೇವೆ; ಸರಿಯಾಗಿ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬರುವುದನ್ನು ನೋಡುತ್ತ ಬೆಳೆದ ನಮ್ಮ ಊರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಿಲ್ಲ.

ತೂಕದಲ್ಲಿ ಅಂಗಡಿಯವರು ಪ್ರಾಮಾಣಿಕರು. ಮೊದಲ ದಿನವೇ ಗಲ್ಲೆಯ ಮೇಲಿದ್ದ ಹಿರಿಯರು, “ಅಕ್ಕಾರ, ಮೊದಲ ಖಾಲಿ ಡಬ್ಬಿ ತೂಗಸ್ರಿ” ಎಂದು ತಾವಾಗಿಯೇ ಹೇಳಿ, ಡಬ್ಬಿಯ ತೂಕವನ್ನು ಅದರ ತಳಕ್ಕೆ ಬರೆದುಕೊಟ್ಟರು. ಸ್ಟೀಲ್ ಡಬ್ಬಿ ಮುನ್ನೂರು ಗ್ರಾಂ ತೂಗಿದರೆ, ಅದನ್ನು ಕಳೆಯದೆ ಹೋದಾಗ ಅಷ್ಟು ಬೇಳೆಯ ಹಣವನ್ನು ನಾವು ಸುಮ್ಮನೆ ತೆತ್ತಂತಾಗುತ್ತದೆ. ಆದ್ದರಿಂದ ಬಿಡಿ ದಿನಸಿ ಕೊಳ್ಳುವವರು ಯಾವ ಅಂಗಡಿಯಲ್ಲೇ ಆಗಲಿ ಇದನ್ನು ಕೇಳಲು ಹಿಂಜರಿಯಬಾರದು. ಬೆಲೆಯೂ ಪೊಟ್ಟಣಕ್ಕಿಂತ ತುಸು ಕಡಿಮೆಯೇ ಬೀಳುತ್ತದೆ.

ಎಲ್ಲವನ್ನೂ ಬಿಡಿಯಾಗಿ ಕೊಳ್ಳಲು ಆಗುವುದಿಲ್ಲ, ಕೊಳ್ಳಲೂಬಾರದು. ಎಣ್ಣೆಯನ್ನು ಅವರು ಸೀಲು ಮಾಡಿದ ಡಬ್ಬಿ, ಪ್ಯಾಕೆಟ್‌ಗಳಲ್ಲಿ ಮಾತ್ರ ಮಾರುತ್ತಾರೆ, ಅದು ಸರಿಯೇ. 1998ರಲ್ಲಿ ದೆಹಲಿಯಲ್ಲಿ ಅರ್ಜಿಮೋನ್ ಎಂಬ ಕಳೆಗಿಡದ ಬೀಜದ ವಿಷಕಾರಿ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಜನ ಸತ್ತ ದುರಂತವನ್ನು ನೆನೆದರೆ, ಬಿಡಿ ಎಣ್ಣೆಯ ಮಾರಾಟಕ್ಕೆ ಆಹಾರ ಸುರಕ್ಷತಾ ನಿಯಮಗಳಲ್ಲಿ ನಿರ್ಬಂಧವಿರುವುದು ಏಕೆಂದು ತಿಳಿಯುತ್ತದೆ. ಅಯೋಡಿನ್ ಉಪ್ಪು ಮತ್ತು ಹಾಲು ಕೂಡ ಪ್ಯಾಕೆಟ್‌ನಲ್ಲೇ ಬರುತ್ತವೆ. ಇಷ್ಟಾದರೂ, ಮೊದಲು ತಿಂಗಳಿಗೆ ಒಂದು ಚೀಲದಷ್ಟಾಗುತ್ತಿದ್ದ ನಮ್ಮ ಮನೆಯ ಒಣಕಸ ಈಗ ಅದರ ಕಾಲುಭಾಗಕ್ಕೆ ಇಳಿದಿದೆ.

ಕೊರತೆಗಳನ್ನೂ ಹೇಳಲೇಬೇಕು. ಡಬ್ಬಿ ತರದವರಿಗೆ ಇಲ್ಲಿ ಪ್ಲಾಸ್ಟಿಕ್ ಕವರ್ ಕೊಡುವುದಿಲ್ಲ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧವಿರುವ ಕೈಚೀಲಗಳು ಪೇಟೆಯಲ್ಲಿ ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವಾಗ ಇದು ಮೆಚ್ಚಬೇಕಾದ ನಡೆ. ಆದರೆ ಅದರ ಬದಲಿಗೆ ಬೆಲ್ಲವನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಡುತ್ತಾರೆ. ಬೆಲ್ಲ ಜಿನುಗಿದಾಗ ಅಕ್ಷರಗಳ ಮಸಿ ಅದಕ್ಕೆ ಅಂಟಿರುವುದನ್ನು ನಾನೇ ಕಂಡಿದ್ದೇನೆ. ಆಹಾರವನ್ನು ಮುದ್ರಿತ ಕಾಗದದಲ್ಲಿ ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಎಚ್ಚರಿಸಿದೆ. ಇದನ್ನು ಅಂಗಡಿಯವರಿಗೆ ಎರಡು ಸಲ ತಿಳಿಸಿದೆ. ಅಚ್ಚಿಲ್ಲದ ಖಾಲಿ ಕಾಗದ ತರಿಸುವುದಾಗಿ ಹೇಳಿದ್ದಾರೆ, ಇನ್ನೂ ತರಿಸಿಲ್ಲ. ಖಾರದ ಪುಡಿ ಮತ್ತು ಧನಿಯಾ ಪುಡಿಯ ಡಬ್ಬಿಗಳ ಮುಚ್ಚಳ ದಿನವಿಡೀ ತೆರೆದೇ ಇರುವುದರಿಂದ ಘಮ ಹೋಗಿರುತ್ತದೆ. ಪುಡಿ ಯಾವಾಗ ಕುಟ್ಟಿಸಿದ್ದೆಂದು ತಿಳಿಯುವ ದಾರಿಯೂ ಇಲ್ಲ. ನಾನು ಪುಡಿ ಕೊಳ್ಳುವುದನ್ನು ಬಿಟ್ಟು, ಅಲ್ಲಿಂದಲೇ ಇಡೀ ಮೆಣಸಿನಕಾಯಿ ಮತ್ತು ಧನಿಯಾ ತಂದು ಮನೆಯಲ್ಲಿ ಪುಡಿ ಮಾಡಿಕೊಳ್ಳುತ್ತೇನೆ.

ಭಾನುವಾರ ಗದ್ದಲ ಹೆಚ್ಚು. ಒಬ್ಬರೇ ತೂಗುವುದರಿಂದ ಐದಾರು ಡಬ್ಬಿ ಹಿಡಿದವರು ಅರ್ಧ ತಾಸು ಕಾಯಬೇಕಾಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಹೋದರೆ ಚೀಲದೊಳಗೆ ಕೈಹಾಕಿ, ಕಾಳನ್ನು ಅಂಗೈಯಲ್ಲಿ ಹರವಿ ನೋಡಿ ಆರಿಸಿಕೊಳ್ಳಲೂ ಪುರುಸೊತ್ತು ಸಿಗುತ್ತದೆ.