ಸೆಸ್ನಾ 172 ಮತ್ತು ಆಟೋಗೈರೋ: ಎರಡನ್ನೂ ಹಾರಿಸಿದವನ ಹೋಲಿಕೆ

ದೂರ ಹೋಗಬೇಕೆಂದರೆ ಸೆಸ್ನಾ 172 ಎಂಬ ಪುಟ್ಟ ವಿಮಾನ. ಸುಮ್ನೆ ಹಾರುವ ಖುಷಿಗೆ ಆಟೋಗೈರೋ. ಕೆಲವರಿಗೆ ಇಷ್ಟೇ ಸಾಕು. ಆದರೆ ವಿಮಾನದಲ್ಲಿ ಪಳಗಿದ ಪೈಲಟ್‌ಗೆ ಸಾಲದು. ಕೈಗೆ ಅಂಟಿದ ಅಭ್ಯಾಸಗಳೇ ಆಟೋಗೈರೋದಲ್ಲಿ ಅಡ್ಡ ಬರುತ್ತವೆ.

ಮೇಲೆ ರೋಟರ್, ಅಂದರೆ ತಿರುಗುವ ಅಲಗುಗಳು, ಇದೆ ಅಂತ ಆಟೋಗೈರೋ ಹೆಲಿಕಾಪ್ಟರ್ ಅಲ್ಲ. ಹಾರುವಾಗ ಇಂಜಿನ್ ರೋಟರನ್ನು ತಿರುಗಿಸುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಮುಂದಕ್ಕೆ ತಳ್ಳುತ್ತದೆ, ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಾನೇ ತಿರುಗುತ್ತದೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ರೂಪಿಸಿದ ಇಂಥ ಯಂತ್ರ 1923ರಲ್ಲೇ ಹಾರಿತ್ತು. ವೇಗ ಕಮ್ಮಿಯಾದರೂ ಸ್ಟಾಲ್ ಆಗಬಾರದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬೀಳಬಾರದು ಅನ್ನುವುದೇ ಅವರ ಹಟ.

ಟೇಕಾಫ್‌ನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಸೆಸ್ನಾದಲ್ಲಿ ಥ್ರಾಟಲ್ ಪೂರ್ತಿ ಕೊಟ್ಟು ಓಡಿಸಿ, ವೇಗ ಬಂದಾಗ ಎತ್ತಿದರಾಯಿತು. ಆಟೋಗೈರೋದಲ್ಲಿ ನಿಂತಲ್ಲೇ ಪ್ರೀರೊಟೇಟರ್ (ಹಾರುವ ಮುನ್ನ ರೋಟರನ್ನು ತಿರುಗಿಸಿಕೊಡುವ ಸಾಧನ) ಹಾಕಿ ರೋಟರನ್ನು ನಿಮಿಷಕ್ಕೆ ಸುಮಾರು 200 ಸುತ್ತಿಗೆ ತರಬೇಕು. ಸ್ಟಿಕ್ (ಹಾರಾಟ ನಿಯಂತ್ರಿಸುವ ಹಿಡಿ) ಪೂರ್ತಿ ಹಿಂದಕ್ಕೆ ಎಳೆದು, ಆಮೇಲೆ ಥ್ರಾಟಲ್. ಓಡುತ್ತಾ ಓಡುತ್ತಾ ಮುಂದಿನ ಚಕ್ರ ತಾನಾಗಿ ಏಳುತ್ತದೆ. ಆಗ ಸ್ಟಿಕ್ಕನ್ನು ತುಸು ಸಡಿಲ ಬಿಟ್ಟು, ಆ ಚಕ್ರವನ್ನು ಗೇಣು ಎತ್ತರದಲ್ಲೇ ಹಿಡಿದಿಡಬೇಕು. ರೋಟರ್ ನಿಧಾನವಾಗಿರುವಾಗಲೇ ಆತುರಪಟ್ಟರೆ ಅಲಗುಗಳು ಬಡಿದಾಡಿ ಬಾಲಕ್ಕೇ ಹೊಡೆಯಬಹುದು.

ಮೇಲೇರಿದ ಮೇಲೆ ಗಾಳಿಯ ಹೊಡೆತ ಆಟೋಗೈರೋದಲ್ಲಿ ನಿಜಕ್ಕೂ ಕಮ್ಮಿ. ಸೆಸ್ನಾ ಕುಲುಕಾಡುವ ಮಧ್ಯಾಹ್ನದಲ್ಲೂ ಇದು ಮೆತ್ತಗೆ ಸಾಗುತ್ತದೆ. ವೇಗ ಸೊನ್ನೆಯ ಹತ್ತಿರ ಬಂದರೂ ಮೂಗು ಧುಮುಕುವುದಿಲ್ಲ, ನೇರ ಕೆಳಕ್ಕೆ ಇಳಿಯುತ್ತದೆ, ಅಷ್ಟೆ. ಹಾಗಂತ ಇದು ಪೂರ್ತಿ ಸುರಕ್ಷಿತ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟಾಲ್ ಭಯದಿಂದ ಸ್ಟಿಕ್ಕನ್ನು ತಟ್ಟನೆ ಮುಂದಕ್ಕೆ ತಳ್ಳುವುದು ನಮ್ಮ ಕೈಗೆ ಅಭ್ಯಾಸ. ಇಲ್ಲಿ ಹಾಗೆ ತಳ್ಳಿದರೆ ರೋಟರ್ ಮೇಲಿನ ಭಾರ ಹೋಗುತ್ತದೆ, ಅದರ ಸುತ್ತು ಕುಸಿಯುತ್ತದೆ. ಆಮೇಲೆ ಸರಿಪಡಿಸಲು ದಾರಿಯೇ ಇರುವುದಿಲ್ಲ. ಹೊಸಬರಿಗಿಂತ ಅನುಭವಿಗಳಿಗೇ ಈ ಅಪಾಯ ಜಾಸ್ತಿ, ವಿಚಿತ್ರ ಅಲ್ವಾ?

ವೇಗದಲ್ಲಿ ಪೈಪೋಟಿಯೇ ಇಲ್ಲ. 172 ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ, ಆಟೋಗೈರೋ 130ರ ಆಸುಪಾಸು. ತೆರೆದ ಕಾಕ್‌ಪಿಟ್ ಆದರೆ ಚಳಿ ಬೇರೆ.

ಇಳಿಯುವುದರಲ್ಲಿ ಮಾತ್ರ ನನ್ನ ಮನಸ್ಸು ಆಟೋಗೈರೋ ಕಡೆಗೆ. ಸ್ಟಿಕ್ ಹಿಂದಕ್ಕೆಳೆದು, ನೆಲಕ್ಕೆ ಒಂದಡಿ ಮೇಲೆ ವೇಗ ಕಳೆದರೆ ಕೆಲವೇ ಮೀಟರಿನಲ್ಲಿ ನಿಂತುಬಿಡುತ್ತದೆ. ಎದುರುಗಾಳಿ ಚೆನ್ನಾಗಿದ್ದರೆ ಓಟವೇ ಇರುವುದಿಲ್ಲ.

ಇಂಜಿನ್ ಕೈಕೊಟ್ಟರೆ? ಸಾವಿರ ಅಡಿಯಿಂದ 172 ಎರಡೂವರೆ ಕಿಲೋಮೀಟರಿನಷ್ಟು ತೇಲಿಹೋಗುತ್ತದೆ. ಆಟೋಗೈರೋಗೆ ಒಂದು ಕಿಲೋಮೀಟರ್ ಸಿಕ್ಕರೆ ಹೆಚ್ಚು, ಆದರೆ ಅದಕ್ಕೆ ಚಿಕ್ಕ ಬಯಲೇ ಸಾಕು. ಹಾಗಾಗಿ ಹೊಲಗದ್ದೆಗಳ ಮೇಲಾದರೆ ಆಟೋಗೈರೋದಲ್ಲಿ ನೆಮ್ಮದಿಯಿಂದ ಕೂರುತ್ತೇನೆ. ದಟ್ಟ ಕಾಡು, ದೊಡ್ಡ ಕೆರೆ ದಾಟುವುದಿದ್ದರೆ ನನಗೆ ಸೆಸ್ನಾನೇ ಬೇಕು.