ಚುಟ್ಟಿಯ ಚುಕ್ಕೆ ಅಳಿಸದೆ ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್

ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ನಮ್ಮ ಬಳಗದವರು ಆಡಿದ ಮೂರು ಗಂಟೆಯ ಯಕ್ಷಗಾನವನ್ನು ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 50 ಫ್ರೇಮ್ ಮತ್ತು 50 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದಾಗ ಸುಮಾರು 67 ಜಿಬಿಯ ಫೈಲ್ ನನ್ನ ಕೈಸೇರಿತು. ಈ ಲೆಕ್ಕದಲ್ಲಿ ಮೂವತ್ತು ಆಟಗಳನ್ನು ಕೂಡಿಡುವ ಮೊದಲೇ 2 ಟಿಬಿಯ ಹಾರ್ಡ್ ಡಿಸ್ಕ್ ತುಂಬಿಹೋಗುತ್ತದೆ. ಹಿಂದೆ ನಾನು ಬಳಸುತ್ತಿದ್ದ ಒಂದು ತಂತ್ರಾಂಶಕ್ಕೆ ಇಂಥದೇ ಫೈಲನ್ನು ಕೊಟ್ಟು, 2 ಜಿಬಿಗೆ ಇಳಿಸು ಎಂದು ಹೇಳಿದ್ದೆ. ಅದು ಹೇಳಿದಂತೆ ಇಳಿಸಿತು. ಆದರೆ ಕಲಾವಿದರೊಬ್ಬರು ಸಂಜೆಯಿಡೀ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕೂತು ಅಕ್ಕಿಹಿಟ್ಟಿನಿಂದ ಒಂದೊಂದಾಗಿ ಇಟ್ಟಿದ್ದ, ಚುಟ್ಟಿ ಎಂಬ ಮುಖವರ್ಣಿಕೆಯ ಬಿಳಿ ಚುಕ್ಕೆಗಳೆಲ್ಲ ಕಲಸಿಹೋಗಿ ಮುಖಕ್ಕೆ ಸುಣ್ಣ ಬಳಿದಂತೆ ಕಾಣುತ್ತಿದ್ದವು. ಅಂದಿನಿಂದ ಯಾವ ತಂತ್ರಾಂಶವನ್ನೇ ಆಗಲಿ ನಾನು ಪರೀಕ್ಷಿಸುವುದು ಆ ಚುಕ್ಕೆಗಳ ಮೇಲೆಯೇ.

ಹ್ಯಾಂಡ್‌ಬ್ರೇಕ್ ಆ ಪರೀಕ್ಷೆಯಲ್ಲಿ ಗೆದ್ದಿದೆ. 2003ರಲ್ಲಿ ಎರಿಕ್ ಪೆತಿ ಎಂಬವರು ಬಿಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆಯಲು ತೊಡಗಿದ ಈ ಮುಕ್ತ ತಂತ್ರಾಂಶದ 1.0 ಆವೃತ್ತಿ ಹೊರಬಂದದ್ದು 2016ರ ಡಿಸೆಂಬರ್‌ನಲ್ಲಿ. ಈಗ ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ.

ಇದರ ನಿಜವಾದ ಬಲವಿರುವುದು ಆರ್‌ಎಫ್ (ರೇಟ್ ಫ್ಯಾಕ್ಟರ್) ಎಂಬ ಒಂದು ಸ್ಲೈಡರ್‌ನಲ್ಲಿ. ಫೈಲ್ ಇಷ್ಟೇ ದೊಡ್ಡದಿರಲಿ ಎಂದು ಮೊದಲೇ ಗೆರೆ ಎಳೆಯುವ ಬದಲು, ಗುಣಮಟ್ಟ ಇಷ್ಟಿರಲಿ ಎಂದು ಇಲ್ಲಿ ಹೇಳುತ್ತೇವೆ. ಗಾತ್ರ ಎಷ್ಟಾಗಬೇಕೆಂಬುದನ್ನು ದೃಶ್ಯವೇ ತೀರ್ಮಾನಿಸುತ್ತದೆ. ವೇಷಧಾರಿ ನಿಂತಲ್ಲೇ ನಿಂತು ಅರ್ಥ ಹೇಳುವಾಗ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಬದಲಾಗುವುದು ಅತ್ಯಲ್ಪವಾದ್ದರಿಂದ ಅಲ್ಲಿ ಬಿಟ್‌ಗಳು ಉಳಿಯುತ್ತವೆ. ಚೆಂಡೆಯ ಪೆಟ್ಟಿಗೆ ಧಿಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹಾರತೊಡಗಿದೊಡನೆ ಧಾರಾಳವಾಗಿ ಖರ್ಚಾಗುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಫುಲ್ ಎಚ್‌ಡಿಗೆ 20ರಿಂದ 24, 4ಕೆ ವಿಡಿಯೊಗೆ 22ರಿಂದ 28 ಎಂಬುದು ಹ್ಯಾಂಡ್‌ಬ್ರೇಕ್‌ನವರೇ ಕೊಡುವ ಸಲಹೆ. ನಾನು ಎಕ್ಸ್265 10-ಬಿಟ್ ಎಂಬ ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಭಾಗ), ಅದರ ವೇಗಕ್ಕೆ 'ಸ್ಲೋ' ಪ್ರಿಸೆಟ್ (ಸಿದ್ಧ ಹೊಂದಾಣಿಕೆ), ಆರ್‌ಎಫ್ 20 ಆಯ್ದುಕೊಂಡೆ. ಮೂಲ ಚಿತ್ರೀಕರಣ 8-ಬಿಟ್‌ನದೇ ಆಗಿದ್ದರೂ, ಬಣ್ಣದ ಛಾಯೆಗಳನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ 10-ಬಿಟ್‌ನಲ್ಲಿ ಕುಗ್ಗಿಸಿದರೆ ಹಿಂಬದಿಯ ನೀಲಿ ಪರದೆಯ ನೆರಳಿನಲ್ಲಿ ಪಟ್ಟೆಗಳು ಮೂಡುವುದು ಕಡಿಮೆ.

ಶನಿವಾರ ರಾತ್ರಿ ಒಂಬತ್ತಕ್ಕೆ ಹಚ್ಚಿದ ಕೆಲಸ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಮುಗಿಯಿತು. 67 ಜಿಬಿ 11 ಜಿಬಿಗೆ ಇಳಿದಿತ್ತು. ಮೂಲವನ್ನೂ ಹೊಸದನ್ನೂ ಒಂದೇ ಕ್ಷಣದಲ್ಲಿ ನಿಲ್ಲಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ: ಕೆನ್ನೆಯ ಅಂಚಿನ ಚುಟ್ಟಿಯ ಚುಕ್ಕೆಗಳನ್ನು ಎಣಿಸಬಹುದಾಗಿತ್ತು, ಉಟ್ಟ ಸೀರೆಯ ಚೌಕುಳಿ ನೇರವಾಗಿತ್ತು, ಕಿರೀಟದ ಕನ್ನಡಿ ಚೂರುಗಳ ಹೊಳಪು ಮಾಸಿರಲಿಲ್ಲ. ಹಾಗೆಂದು ನಷ್ಟವೇ ಆಗಿಲ್ಲ ಎನ್ನಲಾಗದು. ಎರಡೂ ಚಿತ್ರಗಳನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಕತ್ತಲ ಭಾಗದ ಸಣ್ಣ ವಿವರಗಳು ತುಸು ನುಣುಪಾಗಿರುವುದು ಕಾಣುತ್ತದೆ. ಟಿವಿಯ ಮುಂದೆ ಕೂತು ಆಟ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಹದಿನೆಂಟು ಗಂಟೆ ಕಾಯಲಾಗದವರು ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಳಸಿದರೆ ಕೆಲಸ ಬಹಳ ಬೇಗ ಮುಗಿಯುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ವರ್ಷಗಟ್ಟಲೆ ಕಾಪಿಡುವ ದಾಖಲೆಗೆ ನಾನು ಅದನ್ನು ಒಪ್ಪಲಾರೆ.

ಹೊಸಬರು ಖಂಡಿತವಾಗಿ ಎಡವುವ ಒಂದು ಜಾಗವಿದೆ. ತಂತ್ರಾಂಶ ತೆರೆದೊಡನೆ ತಾನಾಗಿ ಆಯ್ಕೆಯಾಗಿರುವ 'ಫಾಸ್ಟ್ 1080ಪಿ30' ಪ್ರಿಸೆಟ್ ಫ್ರೇಮ್ ದರವನ್ನು 30ಕ್ಕೆ ಮಿತಿಗೊಳಿಸುತ್ತದೆ. ಸೆಕೆಂಡಿಗೆ 50 ಫ್ರೇಮ್‌ಗಳಲ್ಲಿ ತೆಗೆದ ಧಿಗಿಣ ಹೀಗೆ ಕುಗ್ಗಿದಾಗ ನಡುನಡುವೆ ತಡವರಿಸಿದಂತೆ ಕಂಡು, ಕಲಾವಿದರದೇ ಹೆಜ್ಜೆ ತಪ್ಪಿತೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ಆದ್ದರಿಂದ ವಿಡಿಯೊ ವಿಭಾಗದಲ್ಲಿ ಫ್ರೇಮ್ ದರವನ್ನು ಮರೆಯದೆ 'ಸೇಮ್ ಆಸ್ ಸೋರ್ಸ್'ಗೆ ಬದಲಿಸಬೇಕು. ಅದೇ ಪ್ರಿಸೆಟ್‌ನಲ್ಲಿ ಧ್ವನಿಯೂ 160 ಕಿಲೊಬಿಟ್‌ಗೆ ನಿಂತಿರುತ್ತದೆ; ಚೆಂಡೆಯೂ ಜಾಗಟೆಯೂ ಒಟ್ಟಿಗೆ ಮೊಳಗುವ ಆಟಕ್ಕೆ ನಾನು ಅದನ್ನು 256ಕ್ಕೆ ಏರಿಸುತ್ತೇನೆ.

ಇಡೀ ಫೈಲನ್ನು ಒಪ್ಪಿಸುವ ಮೊದಲು ಅತಿ ಕಷ್ಟದ ಒಂದು ನಿಮಿಷವನ್ನು ರೇಂಜ್ ಆಯ್ಕೆಯಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಗುರುತಿಸಿ, ಅಷ್ಟನ್ನೇ ಕುಗ್ಗಿಸಿ ನೋಡುವುದು ಒಳ್ಳೆಯದು. ನವಿ ಮುಂಬಯಿಯ ಬಯಲಿನಲ್ಲಿ ಆಡಿದ ಇನ್ನೊಂದು ಆಟದಲ್ಲಿ ಬಣ್ಣದ ವೇಷದ ಪ್ರವೇಶಕ್ಕೆ ದೊಂದಿಗೆ ರಾಳ ಎರಚಿದಾಗ ಭುಗಿಲೆದ್ದ ಬೆಂಕಿ, ಹೊಗೆ, ಕಿಡಿಗಳ ನಡುವೆ ಒಂದು ಫ್ರೇಮಿಗೂ ಇನ್ನೊಂದಕ್ಕೂ ಹೋಲಿಕೆಯೇ ಇರಲಿಲ್ಲ. ಆರ್‌ಎಫ್ 20ರಲ್ಲೂ ಹೊಗೆಯ ಅಂಚು ಚೌಕಚೌಕವಾಗಿ ಒಡೆಯಿತು. 18ಕ್ಕೆ ಇಳಿಸಿದ ಮೇಲೆ ಸರಿಯಾಯಿತು.

ಬಳಗದ ಹಿರಿಯರೊಬ್ಬರ ಡೊಂಬಿವಲಿಯ ಮನೆಯ ಹಳೆಯ ಟಿವಿ ಎಕ್ಸ್265 ಫೈಲನ್ನು ತೆರೆಯಲಿಲ್ಲವಾದ್ದರಿಂದ ಅವರಿಗೆಂದೇ ಹಳೆಯ ಬಗೆಯ ಎಕ್ಸ್264 ಎನ್‌ಕೋಡರ್‌ನಲ್ಲಿ ಇನ್ನೊಂದು ಪ್ರತಿ ಮಾಡಿಕೊಟ್ಟೆ. ಅದು 19 ಜಿಬಿ ಆಯಿತು, 32 ಜಿಬಿಯ ಪೆನ್‌ಡ್ರೈವ್‌ನಲ್ಲಿ ಹಿಡಿಯಿತು.