ಟೆಲಿ ಮಾನಸ್ 14416: ಟಾರ್ಗೆಟ್ ಟೆನ್ಶನ್‌ನಲ್ಲಿ ನಾನು ಮಾಡಿದ ಒಂದು ಕಾಲ್

ದಾವಣಗೆರೆಲಿ ಒಂದು ಬ್ಯಾಂಕಲ್ಲಿ ಸೇಲ್ಸ್ ಕೆಲಸ ನಂದು, ಹೆಸರು ಬೇಡ ಬಿಡಿ. ತಿಂಗಳ ಕೊನೆ ಬಂತು ಅಂದ್ರೆ ಇನ್ಶೂರೆನ್ಸ್ ಟಾರ್ಗೆಟ್, ಬೆಳಗ್ಗೆ ಒಂದು ಕಾಲ್ ಸಂಜೆ ಒಂದು ಕಾಲ್, ಎಲ್ಲರ ಮುಂದೆ ಎಷ್ಟಾಯ್ತು ಎಷ್ಟಾಯ್ತು ಅಂತ ಕೇಳೋದು. ಮಾರ್ಚಲ್ಲಂತೂ ಬ್ರಾಂಚ್ ಮುಂದೆ ಗಾಡಿ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗಿದೇನೇ ಹದಿನೈದು ನಿಮಿಷ ಕೂತಿರ್ತಿದ್ದೆ, ಒಳಗೆ ಹೋಗೋಕೆ ಕಾಲೇ ಬರ್ತಿರ್ಲಿಲ್ಲ, ರಾತ್ರಿ 3 ಗಂಟೆಗೆ ಎಚ್ಚರ ಆದ್ರೆ ಎದೆ ಡವಡವ.

ಹಂಗೇ ಒಂದ್ ರಾತ್ರಿ ಟೆರೇಸಿಗೆ ಹೋಗಿ 14416ಗೆ ಮಾಡ್ದೆ. ಟೆಲಿ ಮಾನಸ್ ಅಂದ್ರೆ ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಇರೋ ಸರ್ಕಾರಿ ಸಹಾಯವಾಣಿ, ಫ್ರೀ ನಂಬರ್, 24 ಗಂಟೆನೂ ಇರುತ್ತೆ. ಭಾಷೆ ಕೇಳುತ್ತೆ, ಕನ್ನಡ ಒತ್ತಿ. ನನಗೆ ಇದೇ ದೊಡ್ಡದು ಅನ್ಸಿದ್ದು, ಯಾಕಂದ್ರೆ ಆಫೀಸಲ್ಲಿ ಸ್ಟ್ರೆಸ್ ಸ್ಟ್ರೆಸ್ ಅಂತ ಎಲ್ರೂ ಅಂತಾರೆ ಆದ್ರೆ "ನಂಗೆ ಭಯ ಆಗ್ತಿದೆ ಮೇಡಂ" ಅನ್ನೋ ಮಾತು ನನ್ನ ಬಾಯಿಂದ ಬಂದಿದ್ದು ಅವತ್ತೇ ಮೊದಲು, ಹೇಳ್ತಾ ಹೇಳ್ತಾ ಅತ್ತೇಬಿಟ್ಟೆ. ಆಕಡೆ ಇದ್ದ ಮೇಡಂ ಅವಸರ ಮಾಡ್ಲಿಲ್ಲ. ಸಮಾಧಾನ ಮಾಡ್ಕೊಳ್ಳಿ, ನಾನು ಲೈನಲ್ಲೇ ಇದೀನಿ ಅಂದ್ರು. ಆಮೇಲೆ ನಿದ್ದೆ ಹೆಂಗಿದೆ, ಊಟ ಸೇರ್ತಿದ್ಯಾ, ಜೀವ ಬೇಡ ಅನ್ನೋ ಯೋಚನೆ ಬಂದಿದ್ಯಾ ಅಂತ ನೇರವಾಗೇ ಕೇಳಿದ್ರು.

ಮಲಗೋ ಮುಂಚೆ ತಲೇಲಿ ಓಡ್ತಿರೋದೆಲ್ಲ ಹಾಳೇಲಿ ಬರೀರಿ, ಅದ್ರಲ್ಲಿ ನಿಮ್ ಕೈಯಲ್ಲಿರೋದು ಯಾವ್ದು, ಇಲ್ದಿರೋದು ಯಾವ್ದು ಅಂತ ಗೆರೆ ಎಳೀರಿ ಅಂದ್ರು. ಮೊದಲ ದಿನ ಬರ್ದಿದ್ದು 11 ವಿಷ್ಯ, ನನ್ನ ಕೈಯಲ್ಲಿದ್ದಿದ್ದು ಮೂರೇ. ಕಸ್ಟಮರ್ ಪಾಲಿಸಿ ಬೇಡ ಅಂದ್ರೆ ಅದು ನನ್ನ ತಪ್ಪಲ್ಲ ಅನ್ನೋದು ಆ ಹಾಳೆ ನೋಡಿದ್ಮೇಲೇ ತಲೆಗೆ ಹೋಗಿದ್ದು.

2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಶುರು ಮಾಡಿದ್ದು ಈ ಟೆಲಿ ಮಾನಸ್, ಉಸ್ತುವಾರಿ ನಮ್ಮ ನಿಮ್ಹಾನ್ಸ್‌ದು. ಮಾತಾಡೋದಷ್ಟೇ ಸಾಲಲ್ಲ ಅನ್ಸಿದ್ರೆ ಮಾನಸಿಕ ತಜ್ಞರ ಹತ್ರಕ್ಕೂ ಕಳಿಸ್ತಾರೆ. ತಲೆಕೆಟ್ಟವ್ರಿಗೆ ಮಾತ್ರ ಅಂತ ನಾನೂ ಅನ್ಕೊಂಡಿದ್ದೆ, ದಯವಿಟ್ಟು ಹಂಗೆ ಅನ್ಕೊಂಡು ತಡ ಮಾಡ್ಬೇಡಿ. ಕಾಲ್ ಮಾಡಿದ ತಕ್ಷಣ ಟಾರ್ಗೆಟ್ ಏನೂ ಕಮ್ಮಿ ಆಗಲ್ಲ, ಸಂಜೆ ಕಾಲ್ ಈಗ್ಲೂ ಇದೆ, ಆದ್ರೆ ಗಾಡಿ ನಿಲ್ಸಿದ್ಮೇಲೆ ನೇರ ಒಳಗೆ ಹೋಗ್ತೀನಿ.

ಐದಕ್ಕೆ ಐದು ಸ್ಟಾರ್. ಹೋದ ವಾರ ನಮ್ ಬ್ರಾಂಚಿನ ಹೊಸ ಹುಡ್ಗ ಊಟ ಬಿಟ್ಟು ಸುಮ್ನೆ ಕೂತಿದ್ದ, ನಂಬರ್ ಹೇಳ್ದೆ, ಚಲನ್ ಹಿಂದೆ ಬರ್ಕೊಂಡು ಜೇಬಿಗೆ ಹಾಕೊಂಡ.